ಡಾರ್ಟ್‌ಮೂರ್ ಬಯಲಿನ ನಿಲಿಸುಗಲ್ಲುಗಳನ್ನು ನೋಡಲು ಹೋಗುವವರಿಗೆ

ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತ್ಯದಲ್ಲಿರುವ ಡಾರ್ಟ್‌ಮೂರ್, 954 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನ. ಶೋಲಾ ಕಾಡನ್ನು ತೆಗೆದುಹಾಕಿ ಬರೀ ಹುಲ್ಲುಗುಡ್ಡಗಳನ್ನಷ್ಟೇ ಉಳಿಸಿದ ಕುದುರೆಮುಖವನ್ನು ಕಲ್ಪಿಸಿಕೊಂಡು, ಅದರ ಮೇಲೆ ವರ್ಷದ ಬಹುಪಾಲು ದಿನ ತಣ್ಣನೆಯ ಗಾಳಿ ಮತ್ತು ಜಿಟಿಜಿಟಿ ಮಳೆಯನ್ನು ಇಟ್ಟರೆ ಈ ‘ಮೂರ್’ ಎಂಬ ಭೂಮಿಯ ಸ್ವರೂಪ ಸುಮಾರಾಗಿ ತಿಳಿಯುತ್ತದೆ. ಗುಡ್ಡಗಳ ನೆತ್ತಿಯಲ್ಲಿ ಗ್ರಾನೈಟ್ ಬಂಡೆಗಳ ರಾಶಿಗಳಿವೆ. ಅವಕ್ಕೆ ಅಲ್ಲಿಯವರು ‘ಟಾರ್’ ಎನ್ನುತ್ತಾರೆ. ಇಳಿಜಾರುಗಳಲ್ಲಿ, ಯಾವ ಬೇಲಿಯೂ ಫಲಕವೂ ಇಲ್ಲದೆ, ನಾಲ್ಕು ಸಾವಿರ ವರ್ಷಗಳಿಂದ ನಿಂತಿರುವ ಕಲ್ಲುಗಳಿವೆ. ಲಂಡನ್ನಿನಲ್ಲೋ ಬ್ರಿಸ್ಟಲ್ಲಿನಲ್ಲೋ ಇರುವ ಕನ್ನಡಿಗರು ವಾರಾಂತ್ಯಕ್ಕೆಂದು ಬರುವಾಗ, ಅಥವಾ ಮಕ್ಕಳ ಮನೆಗೆ ಬಂದ ತಂದೆತಾಯಿಯರನ್ನು ಕರೆದುಕೊಂಡು ಹೋಗುವಾಗ, ಈ ಕಲ್ಲುಗಳನ್ನು ಹುಡುಕಿ, ಗುರುತಿಸಿ, ಕ್ಷೇಮವಾಗಿ ಹಿಂದಿರುಗಲು ಬೇಕಾದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳಿ

ಸ್ಟೋನ್‌ಹೆಂಜ್ ನೋಡಿ ಬಂದವರು ಡಾರ್ಟ್‌ಮೂರಿನ ಕಲ್ಲುಸಾಲಿನ ಮುಂದೆ ನಿಂತು ‘ಇಷ್ಟೇನಾ?’ ಎನ್ನುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಅವರ ತಪ್ಪೇನೂ ಇಲ್ಲ. ಇಲ್ಲಿನ ಸಾಲುಗಳಲ್ಲಿ ಹೆಚ್ಚಿನ ಕಲ್ಲುಗಳು ಮೊಳಕಾಲಿನ ಎತ್ತರವನ್ನೂ ಮುಟ್ಟುವುದಿಲ್ಲ. ಕೆಲವು ಹುಲ್ಲಿನಿಂದ ಒಂದು ಗೇಣು ಮಾತ್ರ ತಲೆ ಎತ್ತಿವೆ. ಒಂದೊಂದು ಕಲ್ಲನ್ನು ಬಿಡಿಯಾಗಿ ನೋಡಿದರೆ ಅದು ಹೊಲದ ಬದುವಿನ ಕಲ್ಲಿನಂತೆಯೇ ಕಾಣುತ್ತದೆ. ನೋಡಬೇಕಾದದ್ದು ಕಲ್ಲನ್ನಲ್ಲ, ಕಲ್ಲುಗಳು ಸೇರಿ ಎಳೆದ ಗೆರೆಯನ್ನು. ಆ ಗೆರೆ ಎಲ್ಲಿ ಹುಟ್ಟುತ್ತದೆ, ಯಾವ ಇಳಿಜಾರನ್ನು ಏರುತ್ತದೆ, ಯಾವ ಸಮಾಧಿಗುಪ್ಪೆಯ ಬಳಿ ನಿಲ್ಲುತ್ತದೆ ಎಂಬುದು ನಡೆದಾಗ ಮಾತ್ರ ತಿಳಿಯುವುದರಿಂದ, ಕಾರಿನ ಕಿಟಕಿಯಿಂದ ನೋಡಿ ಫೋಟೋ ತೆಗೆದುಕೊಂಡು ಹೊರಡುವವರಿಗೆ ಈ ಸ್ಥಳ ಏನನ್ನೂ ಕೊಡುವುದಿಲ್ಲ.

ಡಾರ್ಟ್‌ಮೂರಿನಲ್ಲಿ ಇಂಥ 70ಕ್ಕೂ ಹೆಚ್ಚು ಕಲ್ಲುಸಾಲುಗಳಿವೆ. ಒಂಟಿ ನಿಲಿಸುಗಲ್ಲುಗಳು, ಶಿಲಾವೃತ್ತಗಳು, ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಲಿನ ಪೆಟ್ಟಿಗೆಯಂಥ ಸಮಾಧಿಗಳು, ವೃತ್ತಾಕಾರದ ಮನೆಗಳ ತಳಪಾಯಗಳು ಸಾಲುಗಳ ಸುತ್ತ ಹರಡಿಕೊಂಡಿವೆ. ಇವುಗಳಲ್ಲಿ ಹೆಚ್ಚಿನವನ್ನು ಸಾಮಾನ್ಯವಾಗಿ ಕ್ರಿ.ಪೂ. 2500ರಿಂದ 1500ರ ನಡುವಿನ ಕಾಲಕ್ಕೆ ಸೇರಿಸುತ್ತಾರೆ. ಆದರೆ ಕಟ್ ಹಿಲ್ ಎಂಬ ದೂರದ ಗುಡ್ಡದ ಮೇಲೆ 2004ರಲ್ಲಿ ಪತ್ತೆಯಾದ ಸಾಲೊಂದರ ಬಿದ್ದ ಕಲ್ಲುಗಳ ಅಡಿಯ ಪೀಟನ್ನು, ಅಂದರೆ ಸಸ್ಯಗಳು ಅರೆಕೊಳೆತು ಆದ ಕಪ್ಪು ಮಣ್ಣನ್ನು, ಪರೀಕ್ಷಿಸಿದಾಗ ಕಾಲ ಕ್ರಿ.ಪೂ. 3500ರ ಆಸುಪಾಸಿಗೆ ಹೋಯಿತು. ನಮ್ಮ ಹಿರೇಬೆಣಕಲ್ಲಿನ ಕಲ್ಮನೆಗಳೂ ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳೂ ಕಬ್ಬಿಣ ಯುಗದವು. ಡಾರ್ಟ್‌ಮೂರಿನವು ಅವಕ್ಕಿಂತ ಹಳೆಯವು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ 19ನೇ ಶತಮಾನದ ನಡುವಿನಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ವಿಭೂತಿಹಳ್ಳಿಯ ಕಲ್ಲುಗಳನ್ನು ದಾಖಲಿಸುವಾಗ ತನ್ನ ನಾಡಿನ ಇಂಥ ಕಲ್ಲುಗಳನ್ನೇ ನೆನೆದು ಹೋಲಿಸಿದ್ದನು.

ದಿನ ಮತ್ತು ಗಳಿಗೆಯನ್ನು ಆರಿಸುವುದು

ಬೇಸಿಗೆ ರಜೆಯಲ್ಲಿ ಹೋಗುವುದು ಸುಲಭ. ಕಲ್ಲು ನೋಡುವುದಕ್ಕೆ ಮಾತ್ರ ಅದು ಒಳ್ಳೆಯ ಕಾಲವಲ್ಲ. ಜೂನ್ ಕಳೆದ ಮೇಲೆ ಇಳಿಜಾರುಗಳಲ್ಲಿ ಜರಿಗಿಡ ಸೊಂಟದೆತ್ತರ ಬೆಳೆದು ಗಿಡ್ಡ ಕಲ್ಲುಗಳನ್ನು ಪೂರ್ತಿ ನುಂಗಿಬಿಡುತ್ತದೆ. ಚಳಿಗಾಲದಲ್ಲಿ ಅದು ಕಂದಾಗಿ ನೆಲಕ್ಕೆ ಒರಗುವುದರಿಂದ, ನವೆಂಬರಿನಿಂದ ಏಪ್ರಿಲ್ ಆರಂಭದವರೆಗಿನ ಯಾವುದಾದರೂ ಬಿಸಿಲಿನ ದಿನ ಅತ್ಯುತ್ತಮ.

ಗಳಿಗೆಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ಡಾರ್ಟ್‌ಮೂರ್ ಇರುವುದು ಸುಮಾರು 50.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿಯ ಸೂರ್ಯ ನಡುಮಧ್ಯಾಹ್ನದಲ್ಲೂ ದಕ್ಷಿಣ ದಿಗಂತದಿಂದ 16 ಡಿಗ್ರಿಯಷ್ಟೇ ಮೇಲೇರುತ್ತಾನೆ. 40 ಸೆಂಟಿಮೀಟರ್ ಎತ್ತರದ ಕಲ್ಲಿಗೆ ಆಗ 1.4 ಮೀಟರ್ ಉದ್ದದ ನೆರಳು ಬೀಳುತ್ತದೆ. ಪೂರ್ವ ಪಶ್ಚಿಮವಾಗಿ ಹರಡಿದ ಸಾಲಾದರೆ ಮಧ್ಯಾಹ್ನದ ಈ ನೆರಳುಗಳು ಸಾಲಿಗೆ ಅಡ್ಡಲಾಗಿ ಬಿದ್ದು, ಹುಲ್ಲಿನಲ್ಲಿ ಅಡಗಿದ ಕಲ್ಲೂ ಬಾಚಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತದೆ. ಉತ್ತರ ದಕ್ಷಿಣವಾಗಿ ಹೋಗುವ ಸಾಲಿಗೆ ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲೇ ಬೇಕು. ಡಿಸೆಂಬರಿನಲ್ಲಿ ನಾಲ್ಕೂಕಾಲಿನ ಹೊತ್ತಿಗೆ ಸೂರ್ಯ ಮುಳುಗುವುದರಿಂದ, ಇಳಿಹೊತ್ತನ್ನು ಆರಿಸಿಕೊಂಡವರು ಹಿಂದಿರುಗುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡು ತಲೆಗೆ ಕಟ್ಟುವ ದೀಪವನ್ನು ಜೊತೆಗೆ ಒಯ್ಯಬೇಕು.

ಹೊರಡುವ ಹಿಂದಿನ ದಿನ ಇನ್ನೊಂದು ಕೆಲಸವಿದೆ. ಬಯಲಿನ ಉತ್ತರ ಭಾಗದಲ್ಲಿ ಓಕ್‌ಹ್ಯಾಂಪ್ಟನ್, ವಿಲ್ಸ್‌ವರ್ದಿ ಮತ್ತು ಮೆರಿವೇಲ್ ಎಂಬ ಮೂರು ಸೇನಾ ಗುಂಡುಹಾರಿಕೆಯ ವಲಯಗಳಿವೆ. ಅಭ್ಯಾಸ ನಡೆಯುವ ದಿನಗಳ ಪಟ್ಟಿಯನ್ನು ಸರ್ಕಾರದ ಜಾಲತಾಣದಲ್ಲಿ ಮುಂಚಿತವಾಗಿ ಪ್ರಕಟಿಸುತ್ತಾರೆ. ಆ ದಿನ ಸುತ್ತಲಿನ ಎತ್ತರದ ಟಾರ್‌ಗಳ ಮೇಲೆ ಕೆಂಪು ಬಾವುಟ, ರಾತ್ರಿಯಾದರೆ ಕೆಂಪು ದೀಪ ಇರುತ್ತದೆ. ವಲಯದ ಗಡಿಯುದ್ದಕ್ಕೂ ಕೆಂಪು ಬಿಳಿ ಬಣ್ಣದ ಕಂಬಗಳನ್ನು ನೆಟ್ಟಿದ್ದಾರೆ. ಡೆವಿಲ್ಸ್ ಟಾರ್ ಬಳಿ ಒಂಟಿಯಾಗಿ ನಿಂತ ‘ಬೇರ್‌ಡೌನ್ ಮ್ಯಾನ್’ ಎಂಬ ಪ್ರಸಿದ್ಧ ನಿಲಿಸುಗಲ್ಲು ಈ ವಲಯದೊಳಗೇ ಇದೆ. ಬಾವುಟ ಇಲ್ಲದ ದಿನವೂ ಅಲ್ಲಿ ನೆಲದ ಮೇಲೆ ಬಿದ್ದ ಲೋಹದ ವಸ್ತುವನ್ನು ಮುಟ್ಟಬಾರದು. ಕಾಲಿನಿಂದ ಒದೆಯುವುದಂತೂ ಬೇಡವೇ ಬೇಡ.

ನಕ್ಷೆ, ಬೂಟು, ಬುತ್ತಿ

ಫೋನಿನ ನಕ್ಷೆಯೊಂದನ್ನೇ ನಂಬಬೇಡಿ. ಬಯಲಿನ ಒಳಗೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ‘ಓಎಲ್ 28’ ಸಂಖ್ಯೆಯ ಕಾಗದದ ನಕ್ಷೆ ಇಡೀ ಡಾರ್ಟ್‌ಮೂರಿಗೆ ಸಾಕು. ಅದರಲ್ಲಿ 4 ಸೆಂಟಿಮೀಟರಿಗೆ 1 ಕಿಲೋಮೀಟರ್. ಪ್ರಾಚೀನ ಅವಶೇಷಗಳ ಹೆಸರುಗಳನ್ನು ಹಳೆಯ ಬೈಬಲ್ಲಿನ ಅಕ್ಷರಗಳಂತೆ ಕೊಂಕುಕೊಂಕಾದ ಲಿಪಿಯಲ್ಲಿ ಮುದ್ರಿಸಿರುವುದರಿಂದ ನಕ್ಷೆಯ ಮೇಲೆ ಕಣ್ಣಾಡಿಸಿದರೆ ಕಲ್ಲುಗಳ ಜಾಗ ತಾನಾಗಿ ಸಿಗುತ್ತದೆ. ನಕ್ಷೆಯ ಜೊತೆಗೆ ದಿಕ್ಸೂಚಿಯನ್ನೂ, ಅದನ್ನು ಬಳಸುವ ಕ್ರಮವನ್ನೂ ಮನೆಯಲ್ಲೇ ಕಲಿತುಕೊಂಡು ಹೋಗಬೇಕು. ಮಂಜು ಕವಿದ ಮೇಲೆ ಕಲಿಯಲು ಆಗುವುದಿಲ್ಲ.

ಬಯಲಿನ ನಡುವಿರುವ ಪ್ರಿನ್ಸ್‌ಟೌನ್ ಎಂಬ ಊರಿನ ಸುತ್ತಮುತ್ತ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ನಮ್ಮ ಆಗುಂಬೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಆ ಮಳೆ ವರ್ಷವಿಡೀ ಹಂಚಿಹೋಗಿರುವುದರಿಂದ ನೆಲ ಒಣಗುವುದೇ ಇಲ್ಲ. ಕಣಕಾಲು ಮುಚ್ಚುವ, ನೀರು ಒಳಬಿಡದ ಬೂಟು, ಗಾಳಿ ಮಳೆ ಎರಡನ್ನೂ ತಡೆಯುವ ಮೇಲಂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಇನ್ನೊಂದು ಜೊತೆ ಕಾಲುಚೀಲ, ಒಂದು ಸೀಟಿ, ಫ್ಲಾಸ್ಕಿನಲ್ಲಿ ಬಿಸಿ ಕಾಫಿ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿ, ಆ ಗಾಳಿಯಲ್ಲಿ ಮಂಜುಗಡ್ಡೆಯಂತಾದ ಅನ್ನವನ್ನು ಮರಗಟ್ಟಿದ ಬೆರಳಿನಿಂದ ತಿಂದ ಅನುಭವದಿಂದ ಹೇಳುತ್ತೇನೆ: ಚಪಾತಿಯಲ್ಲಿ ಪಲ್ಯ ಸುತ್ತಿಕೊಂಡು ಹೋಗುವುದೇ ಮೇಲು.

ನೆಲವನ್ನು ಓದುವುದನ್ನು ಸ್ವಲ್ಪ ಕಲಿಯಬೇಕು. ಕಂದುಬಣ್ಣದ ಒರಟು ಹುಲ್ಲಿನ ಬುಡಗಳಿರುವಲ್ಲಿ ನಡಿಗೆ ಕಷ್ಟವಾದರೂ ಕಾಲು ಹೂತುಕೊಳ್ಳುವುದಿಲ್ಲ. ಸುತ್ತ ಎಲ್ಲವೂ ಮಂಕಾಗಿರುವಾಗ ನಡುವೆ ಒಂದು ಕಡೆ ಮಾತ್ರ ಹಚ್ಚಹಸಿರಾದ, ಸಮತಟ್ಟಾದ, ಹಾಸಿಗೆಯಂಥ ಪಾಚಿ ಕಂಡರೆ ಅದು ಹುದುಲು. ಬಿಳಿ ಹತ್ತಿಯ ಕುಚ್ಚುಗಳಂಥ ಹೂವಿನ ಹುಲ್ಲು ಕಂಡಲ್ಲಿಯೂ ಒಳಗೆ ನೀರಿದೆ ಎಂದೇ ತಿಳಿಯಿರಿ. ಪ್ರಿನ್ಸ್‌ಟೌನಿನ ದಕ್ಷಿಣಕ್ಕಿರುವ ಫಾಕ್ಸ್ ಟಾರ್ ಹುದುಲನ್ನು ನೇರವಾಗಿ ದಾಟುವ ಯೋಚನೆಯನ್ನೇ ಮಾಡದೆ ಸುತ್ತಿ ಹೋಗಬೇಕು.

ಮೊದಲ ನಡಿಗೆ: ಮೆರಿವೇಲ್

ಮೊದಲ ಸಲ ಹೋಗುವವರು ಬೇರೆಲ್ಲ ಬಿಟ್ಟು ಮೆರಿವೇಲ್‌ಗೆ ಹೋಗಲಿ ಎಂಬುದು ನನ್ನ ಸಲಹೆ. ಟೂ ಬ್ರಿಜಸ್‌ನಿಂದ ಟಾವಿಸ್ಟಾಕ್‌ಗೆ ಹೋಗುವ ಬಿ3357 ರಸ್ತೆಯ ಪಕ್ಕದಲ್ಲೇ ಇದೆ, ಪ್ರವೇಶ ಶುಲ್ಕವಿಲ್ಲ, ಹೆಸರು ಒಂದೇ ಆದರೂ ಗುಂಡುಹಾರಿಕೆಯ ವಲಯದ ಹೊರಗಿದೆ, ಮತ್ತು ಈ ನಾಡಿನ ಕಲ್ಲುಗಳ ಬಹುತೇಕ ಎಲ್ಲ ಬಗೆಗಳೂ ಅರ್ಧ ಗಂಟೆಯ ನಡಿಗೆಯೊಳಗೆ ಸಿಗುತ್ತವೆ. ನಕ್ಷೆಯಲ್ಲಿ ‘ಎಸ್‌ಎಕ್ಸ್ 554 748’ ಎಂಬ ಚೌಕವನ್ನು ಹುಡುಕಿ. ಬಯಲಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ 40 ಮೈಲಿ. ಕುರಿ, ದನ, ಗಿಡ್ಡ ಕುದುರೆಗಳು ರಸ್ತೆಯ ನಡುವೆಯೇ ನಿಂತಿರುವುದರಿಂದ ಅದಕ್ಕಿಂತಲೂ ನಿಧಾನವಾಗಿ ಹೋಗುವುದು ಕ್ಷೇಮ.

ರಸ್ತೆಯ ದಕ್ಷಿಣ ಬದಿಯಲ್ಲಿ, ಹಿಂದೆ ಶಾಲೆಯಿದ್ದ ಆವರಣದಲ್ಲಿ, ‘ಫೋರ್ ವಿಂಡ್ಸ್’ ಎಂಬ ವಾಹನ ನಿಲುಗಡೆಯಿದೆ. ಅಲ್ಲಿ ಕಾರು ನಿಲ್ಲಿಸಿ, ರಸ್ತೆಯನ್ನು ಬಲಕ್ಕಿಟ್ಟುಕೊಂಡು ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ಸಾಲುಗಳ ಪೂರ್ವದ ತುದಿ ಸಿಗುತ್ತದೆ. ಬೆನ್ನ ಹಿಂದೆ ನಾರ್ತ್ ಹೆಸ್ಸರಿ ಟಾರ್ ಮೇಲಿನ ಪ್ರಸಾರ ಕಂಬ ಕಾಣುತ್ತಿರುತ್ತದೆ. ಹಿಂದಿರುಗುವಾಗ ಅದೇ ಗುರುತು. ನಿಮ್ಮ ಎದುರಿಗೆ ಜೋಡಿಕಲ್ಲುಗಳ ಎರಡು ಸಾಲುಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಹೋಗುತ್ತವೆ. ಉತ್ತರದ್ದು ಸುಮಾರು 180 ಮೀಟರ್, ದಕ್ಷಿಣದ್ದು 260 ಮೀಟರಿಗೂ ಸ್ವಲ್ಪ ಹೆಚ್ಚು. ನಡುವೆ ಬಹಳ ಕಾಲದ ನಂತರ ತೋಡಿದ ಕಿರುಗಾಲುವೆಯೊಂದು ಹರಿಯುತ್ತದೆ.

ಇಲ್ಲಿ ನೇರವಾಗಿ ನಡುವೆ ನುಗ್ಗದೆ, ದಕ್ಷಿಣದ ಸಾಲಿನ ಪೂರ್ವ ತುದಿಯಲ್ಲಿರುವ ತ್ರಿಕೋನಾಕಾರದ ದೊಡ್ಡ ಕಲ್ಲಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ನಿಂತು ನೋಡಿದಾಗ ಚದುರಿದಂತೆ ಕಂಡ ಕಲ್ಲುಗಳು ಕಣ್ಣನ್ನು ಅವುಗಳ ಮಟ್ಟಕ್ಕೆ ಇಳಿಸಿದ ಕೂಡಲೇ ಎರಡು ನೇರ ಗೆರೆಗಳಾಗುತ್ತವೆ. ಈ ತುದಿಗಲ್ಲು ಸಾಲಿನ ಬಾಯಿಗೆ ಅಡ್ಡಲಾಗಿ, ಬಾಗಿಲು ಹಾಕಿದಂತೆ ನಿಂತಿದೆ; ಜೋಡಿಸಾಲುಗಳಲ್ಲಿ ಇಂಥ ಅಡ್ಡಗಲ್ಲು ಇದೆಯೇ ಎಂದು ಬೇರೆ ಕಡೆಗಳಲ್ಲೂ ಹುಡುಕುವ ಅಭ್ಯಾಸ ಮಾಡಿಕೊಳ್ಳಿ. ನಂತರ ಜೋಡಿಕಲ್ಲುಗಳ ಹೊರಬದಿಯಿಂದಲೇ ಮೆಲ್ಲಗೆ ಪಶ್ಚಿಮಕ್ಕೆ ನಡೆಯಿರಿ. ಅರ್ಧದಾರಿಯಲ್ಲಿ ಸಾಲು ಒಂದು ಸಣ್ಣ ಕಲ್ಲುಗುಪ್ಪೆಯ ಅವಶೇಷವನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅದರ ಹತ್ತಿರ, ಸಾಲಿನ ದಕ್ಷಿಣಕ್ಕೆ, ಕಲ್ಲಿನ ಪೆಟ್ಟಿಗೆಯಂಥ ಸಮಾಧಿ ಇದೆ. ಅದರ ಮುಚ್ಚಳದ ಚಪ್ಪಡಿಯನ್ನು ಗಮನವಿಟ್ಟು ನೋಡಿ: ನಡುಭಾಗವೇ ಇಲ್ಲ. 1860ರ ಸುಮಾರಿಗೆ ಯಾರೋ ಅದನ್ನು ಸೀಳಿ ಗೇಟಿನ ಕಂಬಕ್ಕೆಂದು ಕೊಂಡೊಯ್ದರು.

ಅಲ್ಲಿಂದ ದಕ್ಷಿಣಕ್ಕೆ ಸರಿದರೆ 11 ಗಿಡ್ಡ ಕಲ್ಲುಗಳ ಶಿಲಾವೃತ್ತ, ಅದರಾಚೆ ಮೂರು ಮೀಟರಿಗೂ ಎತ್ತರದ ಒಂಟಿ ನಿಲಿಸುಗಲ್ಲು. ಹಿಂದಿರುಗುವಾಗ ರಸ್ತೆಯ ಕಡೆಯ ಮನೆತಳಪಾಯಗಳ ನಡುವೆ ಹಾದುಹೋಗಿ. ಅಲ್ಲಿ ಗಾಣದ ಕಲ್ಲಿನಂಥ ದುಂಡಗಿನ ದೊಡ್ಡ ಕಲ್ಲೊಂದು ಬಿದ್ದಿದೆ. ಅದು ಸೇಬನ್ನು ಅರೆದು ರಸ ತೆಗೆಯುವ ಗಾಣಕ್ಕೆಂದು ಕಡೆದು, ಕೆಲಸ ಮುಗಿಸದೆ ಬಿಟ್ಟುಹೋದದ್ದು. ಪ್ರಾಚೀನ ಬಲಿಪೀಠವೆಂದು ಅದರ ಮೇಲೆ ಮಕ್ಕಳನ್ನು ಕೂರಿಸಿ ಕಥೆ ಹೇಳುವವರನ್ನೂ ಕಂಡಿದ್ದೇನೆ.

ಈ ಸಾಲುಗಳು ನಕ್ಷತ್ರಗಳಿಗೆ ಗುರಿಯಿಟ್ಟವು ಎಂಬ ಮಾತು ನಿಮ್ಮ ಕಿವಿಗೂ ಬೀಳಬಹುದು. ಖಗೋಳವಿಜ್ಞಾನಿ ನಾರ್ಮನ್ ಲಾಕ್ಯರ್ 20ನೇ ಶತಮಾನದ ಆರಂಭದಲ್ಲಿ ಮೆರಿವೇಲ್ ಸಾಲುಗಳನ್ನು ಕೃತ್ತಿಕಾ ನಕ್ಷತ್ರಪುಂಜದ ಉದಯಕ್ಕೆ ಜೋಡಿಸಿದ್ದರು. 1871ರ ಡಿಸೆಂಬರಿನಲ್ಲಿ ಖಗ್ರಾಸ ಸೂರ್ಯಗ್ರಹಣ ನೋಡಲು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲದ ಕೋಟೆಗೆ ತಂಡ ಕಟ್ಟಿಕೊಂಡು ಬಂದಿದ್ದವರು ಇವರೇ. ಆದರೆ ಎರಡು ಸಾಲುಗಳೂ ಕರಾರುವಾಕ್ಕಾಗಿ ನೇರವಾಗಿಲ್ಲ, ಒಂದಕ್ಕೊಂದು ಪೂರ್ತಿ ಸಮಾನಾಂತರವೂ ಅಲ್ಲ. ಆಕಾಶದಲ್ಲಿ ನಕ್ಷತ್ರಗಳು ಬೇಕಾದಷ್ಟಿರುವಾಗ ಯಾವ ಗೆರೆಗಾದರೂ ಒಂದು ಹೊಂದಿಕೊಳ್ಳುತ್ತದೆ ಎಂಬ ಆಕ್ಷೇಪವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಹಳೆಯ ಕಲ್ಲನ್ನು ಹೊಸ ಕಲ್ಲಿನಿಂದ ಬೇರ್ಪಡಿಸುವುದು

ಒಮ್ಮೆ ಬರ‍್ರೇಟರ್ ಜಲಾಶಯದ ಮೇಲಿನ ಗುಡ್ಡದಲ್ಲಿ ಮಂಜಿನ ನಡುವೆ ಒಂಟಿ ಕಲ್ಲೊಂದನ್ನು ಕಂಡು, ನಾಲ್ಕು ಕಡೆಯಿಂದ ಫೋಟೋ ತೆಗೆದು, ಎತ್ತರ ಅಳೆದು, ಟಿಪ್ಪಣಿ ಪುಸ್ತಕದಲ್ಲಿ ಚಿತ್ರವನ್ನೂ ಬರೆದುಕೊಂಡೆ. ಹೊರಡುವ ಮುನ್ನ ಒದ್ದೆ ಮುಖದ ಮೇಲೆ ಕೈಯಾಡಿಸಿದಾಗ ಬೆರಳಿಗೆ ಅಕ್ಷರಗಳು ಸಿಕ್ಕವು: ‘ಪಿಸಿಡಬ್ಲ್ಯೂಡಬ್ಲ್ಯೂ 1917’. ಪ್ಲಿಮತ್ ನಗರಸಭೆಯ ನೀರು ಸರಬರಾಜು ವಿಭಾಗ ತನ್ನ ಜಲಾನಯನ ಪ್ರದೇಶದ ಸುತ್ತ ನೆಡಿಸಿದ ಎಲ್ಲೆಕಲ್ಲು ಅದು. ಆ ದಿನದಿಂದ ಯಾವ ಕಲ್ಲನ್ನು ಕಂಡರೂ ಮೊದಲು ಈ ಕೆಳಗಿನ ಪರೀಕ್ಷೆ ಮಾಡುತ್ತೇನೆ.

ಕಲ್ಲಿನ ಎಲ್ಲ ಮುಖಗಳನ್ನೂ ಓರೆಬೆಳಕಿನಲ್ಲಿ ನೋಡಿ ಅಕ್ಷರಗಳಿವೆಯೇ ಎಂದು ತಿಳಿಯಬೇಕು. ಬೆಳಕು ಸಾಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಕು. ಮೆರಿವೇಲ್ ಸಾಲುಗಳ ಆಸುಪಾಸಿನಲ್ಲೇ ಒಂದು ಬದಿಗೆ ‘ಟಿ’, ಇನ್ನೊಂದು ಬದಿಗೆ ‘ಎ’ ಎಂದು ಕೆತ್ತಿದ ಕಲ್ಲುಗಳಿದ್ದು, ಅವು ಟಾವಿಸ್ಟಾಕ್ ಮತ್ತು ಆಶ್‌ಬರ್ಟನ್ ನಡುವಿನ ಹಳೆಯ ದಾರಿಯ ಕೈಗಂಬಗಳು. ಅಕ್ಷರವಿಲ್ಲದಿದ್ದರೆ ಅಂಚುಗಳನ್ನು ನೋಡಿ. ಅಂಚಿನುದ್ದಕ್ಕೂ ಬೆರಳು ತೂರುವಷ್ಟು ಅಗಲದ, ಸಮ ಅಂತರದ ದುಂಡು ತೂತುಗಳ ಅರ್ಧಭಾಗ ಕಂಡರೆ ಆ ಕಲ್ಲನ್ನು ಕೊರೆದು ಬೆಣೆ ಹೊಡೆದು ಸೀಳಿದ್ದಾರೆ. ಆ ವಿಧಾನ ಇಲ್ಲಿ ಬಳಕೆಗೆ ಬಂದದ್ದು 1800ರ ಆಸುಪಾಸಿನಲ್ಲಿ. ನಮ್ಮ ಊರುಗಳ ಕಲ್ಲುಕ್ವಾರಿಯ ಬಳಿ ಓಡಾಡಿದವರಿಗೆ ಈ ಗುರುತು ಒಂದೇ ನೋಟಕ್ಕೆ ಸಿಗುತ್ತದೆ. ಪ್ರಾಚೀನ ಕಾಲದವರು ಕಲ್ಲನ್ನು ಸೀಳಲಿಲ್ಲ, ಟಾರ್‌ಗಳಿಂದ ತಾನಾಗಿ ಕಳಚಿ ಬಿದ್ದ ಬಂಡೆಗಳನ್ನು ಎತ್ತಿ ತಂದರು. ಆದ್ದರಿಂದ ನಿಜವಾದ ನಿಲಿಸುಗಲ್ಲಿನ ಮೈಯೆಲ್ಲ ಮಳೆಗಾಳಿಗೆ ಸವೆದು ದುಂಡಾಗಿರುತ್ತದೆ. ಬುಡವನ್ನೂ ಬಿಡಬೇಡಿ. ದನಕುರಿಗಳು ಮೈ ಉಜ್ಜಿ ಉಜ್ಜಿ ಬುಡದ ಸುತ್ತ ಕುಳಿ ಬಿದ್ದಲ್ಲಿ, ಕಲ್ಲು ನೆಡುವಾಗ ಗುಂಡಿಯೊಳಗೆ ಗಿಡಿದ ಚಿಕ್ಕ ಒತ್ತುಗಲ್ಲುಗಳು ಹೊರಗೆ ಇಣುಕುತ್ತವೆ.

ಮೈತುಂಬ ಕಲ್ಲುಹೂವು ಬೆಳೆದಿದೆ ಎಂಬುದೊಂದೇ ಹಳೆಯದೆನ್ನಲು ಸಾಲದು. ಇನ್ನೂರು ವರ್ಷದ ಗೇಟಿನ ಕಂಬದ ಮೇಲೂ ಅದು ಚೆನ್ನಾಗಿಯೇ ಬೆಳೆಯುತ್ತದೆ.

ಕಲ್ಲು ಹಳೆಯದಾದರೂ ನಿಲುವು ಹೊಸದಾಗಿರಬಹುದು. ಡ್ರಿಝಲ್‌ಕೂಂಬ್‌ನ ನಾಲ್ಕು ಮೀಟರಿಗೂ ಎತ್ತರದ ಕಲ್ಲು, ಡಾರ್ಟ್‌ಮೂರಿನಲ್ಲೇ ಅತಿ ಎತ್ತರದ್ದು, ಬಹುಕಾಲ ನೆಲಕ್ಕೊರಗಿ ಬಿದ್ದಿತ್ತು. 1893ರಲ್ಲಿ ಡಾರ್ಟ್‌ಮೂರಿನ ಪ್ರಾಚೀನ ಅವಶೇಷಗಳನ್ನು ಅಭ್ಯಾಸ ಮಾಡುತ್ತಿದ್ದ ರಾಬರ್ಟ್ ಬರ್ನಾರ್ಡ್ ಮತ್ತು ಸೇಬೈನ್ ಬೇರಿಂಗ್ ಗೌಲ್ಡ್ ಮುಂದಾಗಿ ಅದನ್ನು ಮತ್ತೆ ನಿಲ್ಲಿಸಿದರು. ಆದುದರಿಂದ ಕಲ್ಲಿನ ಅಗಲ ಮುಖ ಯಾವ ದಿಕ್ಕಿಗಿದೆ ಎಂಬುದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವ ಮೊದಲು, ಅದನ್ನು ಹಾಗೆ ನಿಲ್ಲಿಸಿದವರು ಯಾರು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಎರಡನೆಯ ದಿನಕ್ಕೆ

ಮೆರಿವೇಲ್ ನೋಡಿದ ಮೇಲೆ ಕಣ್ಣು ಪಳಗಿರುತ್ತದೆ. ಬರ‍್ರೇಟರ್ ಜಲಾಶಯದ ಪೂರ್ವ ತುದಿಯಿಂದ ಹತ್ತಿ ಹೋಗುವ ಡೌನ್ ಟಾರ್ ಸಾಲು ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಲುವಾದದ್ದು: ಒಂಟಿಸಾಲು, 300 ಮೀಟರಿಗೂ ಉದ್ದ, ಸಮಾಧಿಗುಪ್ಪೆ ಹತ್ತಿರವಾದಂತೆ ಕಲ್ಲುಗಳು ಎತ್ತರವಾಗುತ್ತ ಹೋಗುತ್ತವೆ. ದೂರದ ತುದಿಯಿಂದ ಗುಪ್ಪೆಯ ಕಡೆಗೇ ನಡೆಯಿರಿ. ಡ್ರಿಝಲ್‌ಕೂಂಬ್‌ಗೆ ಗಟರ್ ಟಾರ್ ಕಡೆಯಿಂದ, ಡಿಟ್ಸ್‌ವರ್ದಿ ವಾರನ್ ಎಂಬ ಒಂಟಿಮನೆಯ ಪಕ್ಕದಿಂದ ದಾರಿ. ಆ ಮನೆಯವರು ಹಿಂದೆ ಮೊಲ ಸಾಕುತ್ತಿದ್ದರು. ಮೊಲಗಳಿಗೆಂದು ಎಬ್ಬಿಸಿದ ಉದ್ದನೆಯ ಮಣ್ಣುದಿಬ್ಬಗಳು ಸುತ್ತಲೂ ಇದ್ದು, ಅವನ್ನು ಸಮಾಧಿಗಳೆಂದು ತಿಳಿಯುವವರು ಬಹಳ. ಅರ್ಮ್ ನದಿಯ ಮೇಲ್ಕಣಿವೆಯ ಸಾಲು 3 ಕಿಲೋಮೀಟರಿಗೂ ಉದ್ದವಾದದ್ದು. ಅದು ನದಿಯನ್ನೇ ದಾಟಿ ಹೋಗುವುದರಿಂದ, ಪೂರ್ತಿ ಸಾಲನ್ನು ನಡೆಯಲು ಒಂದು ಇಡೀ ದಿನ, ಮಳೆ ಬಿಟ್ಟು ನೀರು ಇಳಿದ ಹೊತ್ತು, ಮತ್ತು ಅನುಭವವುಳ್ಳ ಜೊತೆಗಾರರು ಬೇಕು.

ಕಲ್ಲಿನ ಬಳಿ ಇದ್ದಾಗ

1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯಿದೆಯ ಪ್ರಕಾರ ಇಲ್ಲಿನ ಗೋಮಾಳಗಳಲ್ಲಿ ಕಾಲ್ನಡಿಗೆಯಲ್ಲಿ ಮತ್ತು ಕುದುರೆಯ ಮೇಲೆ ಓಡಾಡುವ ಹಕ್ಕು ಎಲ್ಲರಿಗೂ ಇದೆ. ಅಲ್ಲಿ ಗುಡಾರ ಹಾಕಿ ರಾತ್ರಿ ತಂಗುವುದೂ ಆ ಹಕ್ಕಿನಲ್ಲೇ ಸೇರಿದೆ ಎಂದು 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಆದರೆ ಕಲ್ಲುಗಳಿಗೆ 1979ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ರಕ್ಷಣೆಯಿದೆ. ಅಗೆಯುವುದು, ಕಲ್ಲು ಸರಿಸುವುದು, ಲೋಹಶೋಧಕ ಯಂತ್ರ ಹಿಡಿದು ಹುಡುಕುವುದು ಅಪರಾಧ. ಮೇಲೆ ಹತ್ತಿ ನಿಲ್ಲುವುದು, ಗುಪ್ಪೆಯ ಮೇಲೆ ತಾವೂ ಒಂದು ಕಲ್ಲು ಇಟ್ಟು ಬರುವುದು ಬೇಡ. ನಮ್ಮವರಿಗಾಗಿ ಇನ್ನೊಂದು ಮಾತು: ನೆಟ್ಟ ಕಲ್ಲು ಕಂಡೊಡನೆ ಅರಿಸಿನ ಕುಂಕುಮ ಹಚ್ಚಬೇಕೆನಿಸುವುದು ನಮಗೆ ಸಹಜವೇ, ಆದರೆ ಆ ಬಣ್ಣವೂ ಎಣ್ಣೆದೀಪದ ಬಿಸಿಯೂ ಎಷ್ಟೋ ಕಾಲದಿಂದ ಬೆಳೆದ ಕಲ್ಲುಹೂವನ್ನು ಹಾಳುಮಾಡುವುದರಿಂದ ಕೈಮುಗಿದು ಬರುವಷ್ಟಕ್ಕೆ ನಿಲ್ಲಿಸಬೇಕು. ನಾಯಿ ಜೊತೆಗಿದ್ದರೆ ಮಾರ್ಚ್ 1ರಿಂದ ಜುಲೈ 31ರವರೆಗೆ, ಕುರಿ ಈಯುವ ಮತ್ತು ಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ, ಹಗ್ಗ ಬಿಡುವಂತಿಲ್ಲ.

ಮಂಜು ಕವಿದು ದಾರಿ ತಪ್ಪಿತೆನಿಸಿದರೆ ಗಾಬರಿಯಿಂದ ಇಳಿಜಾರು ಹಿಡಿದು ಓಡದೆ, ನಿಂತಲ್ಲೇ ನಿಂತು ನಕ್ಷೆ ಬಿಡಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ 999ಕ್ಕೆ ಕರೆಮಾಡಿ, ಮೊದಲು ಪೊಲೀಸರನ್ನು ಕೇಳಿ, ಅವರಿಗೆ ಬೆಟ್ಟದ ರಕ್ಷಣಾ ತಂಡ ಬೇಕೆಂದು ಹೇಳಿ ನಕ್ಷೆಯ ಚೌಕದ ಸಂಖ್ಯೆಯನ್ನು ಕೊಡಬೇಕು. ಫೋನು ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಇಲ್ಲಿಯ ರೂಢಿ.

ಹಿಂದಿರುಗಿದ ಮೇಲೆ

ಬೆಚ್ಚಗಿನ ತಿಂಗಳುಗಳಲ್ಲಿ ಹೋಗಿದ್ದರೆ ಬಟ್ಟೆ ಬದಲಿಸುವಾಗ ಮೊಳಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಮಕ್ಕಳಾದರೆ ಕೂದಲಿನ ಅಂಚು, ಎಲ್ಲವನ್ನೂ ನೋಡಿಕೊಳ್ಳಬೇಕು. ಜರಿಗಿಡದಲ್ಲಿ ಉಣುಗು ಇರುತ್ತದೆ. ಕ್ಯಾಸನೂರು ಕಾಡಿನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಉಣುಗು ತರುವುದು ಲೈಮ್ ಎಂಬ ಬೇರೆ ಕಾಯಿಲೆ, ಸಕಾಲದಲ್ಲಿ ಆ್ಯಂಟಿಬಯೋಟಿಕ್ ಕೊಟ್ಟರೆ ಗುಣವಾಗುವಂಥದ್ದು. ಕಚ್ಚಿಕೊಂಡದ್ದು ಕಂಡರೆ ಎಣ್ಣೆ ಸವರುವುದು, ಬೆಂಕಿಕಡ್ಡಿ ತಾಗಿಸುವುದು ಮಾಡದೆ, ಸಣ್ಣ ಚಿಮಟಿಗೆಯಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನಿಧಾನವಾಗಿ ನೇರಕ್ಕೆ ಎಳೆದು ತೆಗೆದು, ಜಾಗವನ್ನು ಸೋಪಿನಿಂದ ತೊಳೆದು, ದಿನಾಂಕವನ್ನು ಬರೆದಿಡಿ. ಮುಂದಿನ ಕೆಲವು ವಾರಗಳಲ್ಲಿ ಆ ಜಾಗದ ಸುತ್ತ ಹರಡುತ್ತ ಹೋಗುವ ಕೆಂಪು ಉಂಗುರವೋ ಜ್ವರವೋ ಕಾಣಿಸಿದರೆ ವೈದ್ಯರ ಬಳಿ ಹೋಗಿ, ಡಾರ್ಟ್‌ಮೂರಿನಲ್ಲಿ ನಡೆದಾಡಿದ್ದನ್ನೂ ಬರೆದಿಟ್ಟ ಆ ದಿನಾಂಕವನ್ನೂ ತಿಳಿಸಬೇಕು.